ನಮ್ಮೂರ ಸೊಸೈಟಿ: ಅಕ್ಕಿಗೆ ನಾಲ್ಕು ಸ್ಟಾರ್, ಕೊಡೋ ರೀತಿಗೆ ಎರಡು

ಕೋಲಾರ ಜಿಲ್ಲೆಯ ನಮ್ಮೂರ ಸೊಸೈಟಿ, ಅಂದ್ರೆ ರೇಷನ್ ಅಂಗಡಿ ಬಗ್ಗೆ ಬರೆಯುತ್ತಿದ್ದೇನೆ. ಹೋಟೆಲಿಗೆ ರಿವ್ಯೂ ಬರೆಯುತ್ತೇವೆ, ಇದಕ್ಕೆ ಯಾಕೆ ಬೇಡ?

ಮೊದಲು ಒಳ್ಳೇದು. ಅಕ್ಕಿ ಈಗ ಚೆನ್ನಾಗಿದೆ, ಕಲ್ಲು ನುಚ್ಚು ಕಮ್ಮಿ, ತೂಕಾನೂ ಸರಿ. 2013ರಲ್ಲಿ ಅನ್ನಭಾಗ್ಯ ಶುರುವಾದಾಗ ಕೆಜಿಗೆ 1 ರೂಪಾಯಿ ಇತ್ತು, ಈಗ ಅದೂ ಇಲ್ಲ. ಕೇಂದ್ರದ ಪಾಲು ತಲೆಗೆ 5 ಕೆಜಿ, ಅದರ ಮೇಲೆ ರಾಜ್ಯದ್ದು. ನಡುವೆ 2023ರ ಜುಲೈನಿಂದ ರಾಜ್ಯದ ಪಾಲಿನ ಅಕ್ಕಿ ಹೊಂದಿಸೋಕೆ ಆಗದೆ ತಲೆಗೆ 170 ರೂಪಾಯಿ ಖಾತೆಗೆ ಹಾಕುತ್ತಿದ್ದರು, 2025ರಲ್ಲಿ ಮತ್ತೆ ಅಕ್ಕಿಯೇ ಬಂತು. ಮಳೆ ಕೈಕೊಟ್ಟ ವರ್ಷ ಇದೇ ಎಷ್ಟೋ ಮನೆಯ ಒಲೆ ಉರಿಸಿದೆ. ಹೊಟ್ಟೆ ತುಂಬಿದವರು ಇದನ್ನು ಬಿಟ್ಟಿ ಅಕ್ಕಿ ಅಂದಾಗ ಮೈ ಉರಿಯುತ್ತೆ.

ಬಿಟ್ಟಿ ಎಲ್ಲಿಂದ ಬಂತು? ಬಾಗಿಲು ತೆಗೆಯೋದು ತಿಂಗಳಲ್ಲಿ ಕೆಲವೇ ದಿನ, ಯಾವತ್ತು ಅನ್ನೋದು ಹಿಂದಿನ ಸಂಜೆ ಬಾಯಿಂದ ಬಾಯಿಗೆ ಗೊತ್ತಾಗಬೇಕು. ಬೆಳಗ್ಗೆ ಹೋಗಿ ಸಾಲಲ್ಲಿ ಚೀಲ ಇಟ್ಟರೆ 'ಸರ್ವರ್ ಇಲ್ಲ'. ಟೊಮೆಟೊ ಬಿಡಿಸೋಕೆ ಹೋಗೋ ಹೆಂಗಸರಿಗೆ ಅವತ್ತಿನ ಕೂಲಿ ಹೋಯ್ತು, ಮರುದಿನ ಬಂದರೆ ಇನ್ನೊಂದು ಕೂಲಿ. ಮನೆಯಲ್ಲಿ ಇಬ್ಬರೇ ಇರೋರಿಗೆ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ ಕಿರಾಣಿ ಅಂಗಡಿ ರೇಟೇ ಬೀಳುತ್ತೆ.

ಹೋದ ಸಲ ನನ್ನ ಮುಂದೆ ಒಬ್ಬರು ಅಜ್ಜಿ ಇದ್ದರು. ಕಳೆ ಕಿತ್ತು ಕಿತ್ತು ಹೆಬ್ಬೆಟ್ಟಿನ ಗೆರೆಯೇ ಸವೆದಿದೆ. ಮಷೀನ್ ಮೇಲಿಟ್ಟರು, ಆಗಲಿಲ್ಲ. ಸೆರಗಿಗೆ ಒರೆಸಿ ಇಟ್ಟರು, ಆಗಲಿಲ್ಲ. ಹತ್ತೂ ಬೆರಳು ಮುಗೀತು. "ನಾಳೆ ಮಗನ್ನ ಕಳಿಸಮ್ಮ" ಅಂದರು ಅಂಗಡಿಯವರು. ಮಗ ಬೆಂಗಳೂರಲ್ಲಿ ಗಾರೆ ಕೆಲಸದಲ್ಲಿದ್ದಾನೆ. ಆಧಾರ್ ತಾಳೆಯಾಗಲಿಲ್ಲ ಅಂತ ಯಾರನ್ನೂ ಬರಿಗೈಲಿ ಕಳಿಸಬೇಡಿ ಅಂತ ಕೇಂದ್ರ 2017ರಲ್ಲೇ ಹೇಳಿದೆ, ಒಟಿಪಿ ಮೇಲಾದರೂ ಕೊಡಿ ಅಣ್ಣಾ ಅಂದೆ. ಅಜ್ಜಿಯ ನಂಬರ್ ಲಿಂಕ್ ಆಗಿಲ್ಲವಂತೆ. ಲಿಂಕ್ ಮಾಡಿಸೋಕೆ ತಾಲ್ಲೂಕಿಗೆ ಬಸ್ಸು, ಅಲ್ಲಿ ಇನ್ನೊಂದು ಸಾಲು. ಅಂಗಡಿಯವರನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ ಬಿಡಿ, ಮಷೀನ್ ಒಪ್ಪದೆ ಕೊಟ್ಟರೆ ಸ್ಟಾಕ್ ಲೆಕ್ಕ ಅವರ ತಲೆ ಮೇಲೆ.

ಇನ್ನೊಂದು ತಮಾಷೆ: ನಾವು ತಿನ್ನೋದು ಮುದ್ದೆ, ಕೊಡೋದು ಜಾಸ್ತಿ ಅಕ್ಕಿ. ಬೆಂಬಲ ಬೆಲೆಗೆ ರಾಗಿ ಕೊಳ್ಳೋದು ನಮ್ಮ ಕಡೆಯಿಂದಲೇ, ಆದ್ರೂ ಸೊಸೈಟಿಯಲ್ಲಿ ಅದು ಬಂದ ತಿಂಗಳು ಬಂತು, ಇಲ್ಲದ ತಿಂಗಳು ಇಲ್ಲ. ಮಿಕ್ಕ ಅಕ್ಕಿ ಮನೆ ಬಾಗಿಲಿಗೇ ಬರೋ ಟೆಂಪೋಗೆ ಹೋಗುತ್ತೆ, ಆ ದುಡ್ಡಲ್ಲಿ ಬೇಳೆ, ಎಣ್ಣೆ. ಮಾರೋದು ತಪ್ಪೇ. ಆದ್ರೆ ಬರೀ ಅನ್ನ ಹೇಗೆ ಉಣ್ಣೋದು, ಅಲ್ವಾ?

ಸಾಲಲ್ಲೇ ಇಲ್ಲದವರ ಪಾಡು ಬೇರೆ. ಎಷ್ಟು ಜನಕ್ಕೆ ಕೊಡಬೇಕು ಅನ್ನೋ ಕೇಂದ್ರದ ಲೆಕ್ಕ ಇನ್ನೂ 2011ರ ಜನಗಣತಿ ಮೇಲೇ ನಿಂತಿದೆ. ಆಮೇಲೆ ಮನೆಗೆ ಬಂದ ಸೊಸೆ, ಹುಟ್ಟಿದ ಮಕ್ಕಳ ಹೆಸರು ಸೇರಿಸೋಕೆ ಓಡಾಡಿದವರನ್ನೇ ಕೇಳಿ. ನಮ್ಮ ಬೀದಿಯಲ್ಲೇ ಬೈಕು, ಬೋರ್‌ವೆಲ್ ಎರಡೂ ಇರೋರ ಹತ್ತಿರ ಬಿಪಿಎಲ್ ಕಾರ್ಡಿದೆ, ಗುಡಿಸಲಲ್ಲಿರೋರ ಅರ್ಜಿ ಬಾಕಿ ಇದೆ.

ಹೋಗೋರಿಗೆ ಒಂದು ಮಾತು. ಕಾರ್ಡು ಇದೇ ಊರಿನದ್ದು ಆಗಬೇಕಿಲ್ಲ, ಬೇರೆ ಸೊಸೈಟಿಯಲ್ಲೂ ಹೆಬ್ಬೆಟ್ಟು ಕೊಟ್ಟು ತಗೋಬಹುದು. ಕೊಡಲ್ಲ ಅಂದರೆ 1967ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.