ಪ್ಯಾಂಡಾಕ್ ವಿಮರ್ಶೆ: ಒಂದೇ ಬರಹ, ಅಚ್ಚಿಗೂ ಫೋನಿಗೂ

ವಿಜಯಪುರ, ಬಾಗಲಕೋಟೆ ಕಡೆ ಸಣ್ಣ ಪುಸ್ತಕವೊಂದು ಹೊರಬರುವ ದಾರಿ ಹೆಚ್ಚುಕಡಿಮೆ ಒಂದೇ. ಕೈಬರಹ ಡಿಟಿಪಿ ಅಂಗಡಿಗೆ ಹೋಗುತ್ತದೆ, ನುಡಿ ತಂತ್ರಾಂಶದಲ್ಲಿ ಟೈಪ್ ಆಗಿ, ಪುಟ ಹೊಂದಿಸುವ ಪೇಜ್‌ಮೇಕರ್ ಸೇರುತ್ತದೆ, ಎರಡು ಮೂರು ಪ್ರೂಫ್ ಆದಮೇಲೆ ಪ್ರೆಸ್ಸಿಗೆ. ಅಷ್ಟೆಲ್ಲ ಮುಗಿದ ಮೇಲೆ ಯಾರಾದರೂ "ಇದನ್ನ ಫೋನಿನ್ಯಾಗ ಓದಾಕ ಬರೂಹಂಗ ಕಳಸ್ರಿ" ಎಂದರೆ ಕೆಲಸ ಮತ್ತೆ ಮೊದಲಿಂದ. ಪ್ರೂಫಿನಲ್ಲಿ ತಿದ್ದಿದ್ದೆಲ್ಲ ಪೇಜ್‌ಮೇಕರ್ ಫೈಲಿನಲ್ಲೇ ಉಳಿದಿರುತ್ತದೆ, ಮೊದಲು ಟೈಪ್ ಮಾಡಿದ ವರ್ಡ್ ಪ್ರತಿಯಲ್ಲಿ ಹಳೆಯ ತಪ್ಪುಗಳು ಹಾಗೇ ಇರುತ್ತವೆ. ಮಠದ ವಚನ ಸಂಕಲನ, ಜಾತ್ರೆಯ ಸ್ಮರಣ ಸಂಚಿಕೆ, ಇಂಡಿ ತಾಲ್ಲೂಕಿನ ಲಿಂಬೆ ಬೆಳೆಗಾರರಿಗೆ ಹಂಚುವ ಕೈಪಿಡಿ, ಎಲ್ಲಕ್ಕೂ ಇದೇ ಪಾಡು. ಇದನ್ನು ತಪ್ಪಿಸಲು, ಒಂದೇ ಮೂಲ ಬರಹವನ್ನು ವರ್ಡ್, ಇ-ಪುಸ್ತಕ, ಪಿಡಿಎಫ್ ಆಗಿ ಮಾರ್ಪಡಿಸುವ ತಂತ್ರಾಂಶವಾದ ಪ್ಯಾಂಡಾಕ್‌ಗಿಂತ ಒಳ್ಳೆಯ ಸಾಧನ ಸದ್ಯಕ್ಕೆ ಕಾಣುತ್ತಿಲ್ಲ. ಆದರೆ ಕನ್ನಡಕ್ಕೆ ಒಗ್ಗಿಸಿಕೊಳ್ಳಲು ಕೆಲವು ಕಡೆ ಕೈ ಹಾಕಲೇಬೇಕು.

ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಮ್ಯಾಕ್‌ಫಾರ್ಲೇನ್ ಇದನ್ನು 2006ರಲ್ಲಿ ಹೊರತಂದರು. ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಕಿಟಕಿ, ಮೆನು ಏನೂ ಇಲ್ಲ, ಕಮಾಂಡ್ ಬರೆದೇ ಕೆಲಸ ತೆಗೆಯಬೇಕು. ಆ ಕಮಾಂಡ್ ಒಂದೇ ಸಾಲಿನದು: ಪ್ಯಾಂಡಾಕ್ ಎಂಬ ಹೆಸರು, ಮೂಲ ಫೈಲು, ಅಡ್ಡಗೆರೆಯೊಂದಿಗೆ ಓ ಅಕ್ಷರ (-o), ಕೊನೆಗೆ ಬೇಕಾದ ಫೈಲಿನ ಹೆಸರು. ಆ ಹೆಸರಿನ ಬಾಲ ಡಾಕ್ಸ್ ಇದ್ದರೆ ವರ್ಡ್, ಇಪಬ್ ಇದ್ದರೆ ಇ-ಪುಸ್ತಕ, ಪಿಡಿಎಫ್ ಇದ್ದರೆ ಅಚ್ಚಿನ ಪ್ರತಿ.

ಮೂಲವನ್ನು ನೋಟ್‌ಪ್ಯಾಡಿನಲ್ಲಿ ಮಾರ್ಕ್‌ಡೌನ್ ಎಂಬ ಸರಳ ಗುರುತುಗಳೊಂದಿಗೆ ಬರೆಯಬಹುದು. ಅಧ್ಯಾಯದ ಹೆಸರಿನ ಮುಂದೆ #, ಉಪಶೀರ್ಷಿಕೆಗೆ ##, ದಪ್ಪಕ್ಷರಕ್ಕೆ ಎರಡೂ ಕಡೆ **. ಕಲಿಯಲು ಅರ್ಧ ದಿನ ಸಾಕು. ಫೈಲನ್ನು ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತದಲ್ಲೇ ಉಳಿಸಬೇಕು, ಇಲ್ಲದಿದ್ದರೆ ಪ್ಯಾಂಡಾಕ್ ಕನ್ನಡವನ್ನು ಸರಿಯಾಗಿ ಓದುವುದಿಲ್ಲ. ಶೀರ್ಷಿಕೆಯ ಮೇಲೆ ಒಂದು ಖಾಲಿ ಸಾಲು, # ಆದಮೇಲೆ ಒಂದು ಸ್ಪೇಸ್ ಕಡ್ಡಾಯ. ಖಾಲಿ ಸಾಲು ತಪ್ಪಿದರೆ ಅಧ್ಯಾಯದ ಹೆಸರು ಹಿಂದಿನ ಪ್ಯಾರಾದೊಳಗೆ ಸೇರಿಹೋಗುತ್ತದೆ, ಸ್ಪೇಸ್ ತಪ್ಪಿದರೆ # ಸಮೇತ ಸಾಮಾನ್ಯ ಸಾಲಾಗಿ ಉಳಿಯುತ್ತದೆ.

ವಚನಗಳ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಮಾರ್ಕ್‌ಡೌನ್‌ಗೆ ಒಂದರ ಕೆಳಗೊಂದು ಬರೆದ ಸಾಲುಗಳೆಲ್ಲ ಒಂದೇ ಪ್ಯಾರಾ. ಹಾಗೇ ಬಿಟ್ಟರೆ ವಚನ ಗದ್ಯವಾಗಿ ಹರಿದು, ಅಂಕಿತವಿರುವ ಕೊನೆಯ ಸಾಲು ಮೇಲಿನದಕ್ಕೆ ಅಂಟಿಕೊಳ್ಳುತ್ತದೆ. ಪ್ರತಿ ಸಾಲಿನ ಮೊದಲಿಗೆ | ಗೆರೆ ಹಾಕಿ ಒಂದು ಸ್ಪೇಸ್ ಬಿಟ್ಟರೆ ಸಾಲು ಇದ್ದಲ್ಲೇ ಮುರಿಯುತ್ತದೆ, ಒಳಗೆ ಸರಿಸಿದ ಸಾಲು ಒಳಗೇ ಉಳಿಯುತ್ತದೆ. ಹಾಡು, ಹಂತಿ ಪದಗಳಿಗೂ ಇದೇ ಉಪಾಯ.

ಪಟ್ಟಿ ಬರೆಯುವಾಗ ಎರಡು ಕಡೆ ಎಡವಬಹುದು. ಪ್ಯಾರಾ ಶುರುವಿನಲ್ಲೇ "1824. ಕಿತ್ತೂರಿನ ಯುದ್ಧ" ಎಂದು ಬರೆದರೆ ಅದು ಇಸವಿ ಎಂದು ಪ್ಯಾಂಡಾಕ್‌ಗೆ ತಿಳಿಯದು, 1824ನೇ ಅಂಶದಿಂದ ಪಟ್ಟಿ ಶುರುವಾಯಿತು ಎಂದುಕೊಳ್ಳುತ್ತದೆ. ಚುಕ್ಕೆಗೆ ಮೊದಲು \ ಹಾಕಬೇಕು. ಇದಕ್ಕೆ ತದ್ವಿರುದ್ಧವಾಗಿ, ೧, ೨ ಎಂದು ಕನ್ನಡ ಅಂಕಿಯಲ್ಲಿ ಬರೆದ ಪಟ್ಟಿಯನ್ನು ಅದು ಪಟ್ಟಿಯೆಂದು ಗುರುತಿಸುವುದಿಲ್ಲ, ಸಾಲುಗಳನ್ನು ಒಟ್ಟಿಗೆ ಹೊಲಿದುಬಿಡುತ್ತದೆ. ಗೊಬ್ಬರದ ಪ್ರಮಾಣದಂಥ ಕೋಷ್ಟಕಗಳಿಗೆ | ಗೆರೆಯ ಮಾದರಿಯೇ ಸುರಕ್ಷಿತ. ಸ್ಪೇಸ್ ಎಣಿಸಿ ಕಂಬ ಹೊಂದಿಸುವ ಮಾದರಿ ಕನ್ನಡದ ಒತ್ತು, ದೀರ್ಘಗಳ ಮುಂದೆ ನಿಲ್ಲುವುದಿಲ್ಲ.

ಫೈಲಿನ ತಲೆಯಲ್ಲಿ ಮೂರು ಅಡ್ಡಗೆರೆಗಳ (---) ಎರಡು ಸಾಲುಗಳ ನಡುವೆ ಪುಸ್ತಕದ ಹೆಸರು, ಲೇಖಕರು, ಭಾಷೆ ಬರೆಯಬೇಕು. ಕನ್ನಡದ ಭಾಷಾ ಸಂಕೇತ ಕೆಎನ್ (kn). ಹೆಸರಿನಲ್ಲಿ ಕೋಲನ್ ಇದ್ದರೆ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಇಷ್ಟಾದರೆ ಇಪಬ್ ಸಲೀಸು, ಪರಿವಿಡಿ, ಅಡಿಟಿಪ್ಪಣಿ ತಾವೇ ಬರುತ್ತವೆ. ವೆಬ್ ಪುಟಕ್ಕೆ ಕಮಾಂಡಿನಲ್ಲಿ ಅಡ್ಡಗೆರೆಯೊಂದಿಗೆ ಎಸ್ ಅಕ್ಷರ (-s) ಮರೆಯಬಾರದು. ಮರೆತರೆ ಪುಟದ ತಲೆಭಾಗವೇ ತಯಾರಾಗುವುದಿಲ್ಲ, ಬ್ರೌಸರು ಕನ್ನಡವನ್ನು ಬೇರೇನೋ ಎಂದು ಓದಿ ಗೋಜಲು ತೋರಿಸುತ್ತದೆ.

ವರ್ಡ್ ಪ್ರತಿಯ ರೂಪ ಬದಲಿಸಲು ರೆಫರೆನ್ಸ್ ಡಾಕ್ ಎಂಬ ಸೌಲಭ್ಯವಿದೆ. ಮಾದರಿ ಫೈಲೊಂದರಲ್ಲಿ ಸ್ಟೈಲ್‌ಗಳನ್ನು ತಿದ್ದಿ ಇಟ್ಟರೆ ಮುಂದಿನ ಎಲ್ಲ ಪ್ರತಿಗಳೂ ಅದೇ ಅಳತೆಯಲ್ಲಿ ಬರುತ್ತವೆ. ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಅಲುಗುತ್ತಿಲ್ಲ ಎಂದು ಹಲವರು ಇಲ್ಲೇ ಕೈಬಿಡುತ್ತಾರೆ. ಕಾರಣ ಸರಳ: ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಬೇರೆ ಖಾನೆಯಲ್ಲಿ ಇಟ್ಟಿರುತ್ತದೆ. ಫಾಂಟನ್ನೂ ಅಕ್ಷರದ ಗಾತ್ರವನ್ನೂ ಆ ಖಾನೆಯಲ್ಲೇ ಬದಲಿಸಬೇಕು.

ನಿಜವಾದ ಪರೀಕ್ಷೆ ಪಿಡಿಎಫ್‌ನಲ್ಲಿ. ಪ್ಯಾಂಡಾಕ್ ತಾನಾಗಿ ಪಿಡಿಎಫ್ ಮಾಡುವುದಿಲ್ಲ, ಬೇರೆ ಎಂಜಿನ್ ಬೇಕು. ಪ್ಯಾಂಡಾಕ್ ತಾನೇ ಆರಿಸುವ ಪಿಡಿಎಫ್‌ಲೇಟೆಕ್ ಕನ್ನಡದ ಮೊದಲ ಅಕ್ಷರಕ್ಕೇ ತಪ್ಪು ತೋರಿಸಿ ನಿಲ್ಲುತ್ತದೆ. ಎಂಜಿನ್ ಜೀಲೇಟೆಕ್ (xelatex) ಎಂದು ಬದಲಿಸಿ, ಮುಖ್ಯ ಫಾಂಟ್ ನೋಟೋ ಸೆರಿಫ್ ಕನ್ನಡ ಎಂದು ಕೊಟ್ಟು, ಫಾಂಟಿನ ಆಯ್ಕೆಯಲ್ಲಿ ಸ್ಕ್ರಿಪ್ಟ್ ಕನ್ನಡ ಎಂದು ಸೇರಿಸಿ. ಈ ಕೊನೆಯದನ್ನು ಬಿಟ್ಟರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳಬಹುದು. ಡೆಮಿ 1/8 ಪುಸ್ತಕಕ್ಕೆ ಪುಟದ ಅಗಲ 5.5 ಇಂಚು, ಎತ್ತರ 8.5 ಇಂಚು ಎಂದು ಫೈಲಿನ ತಲೆಯಲ್ಲಿ ಜಿಯೋಮೆಟ್ರಿ (geometry) ಸಾಲಿನಲ್ಲಿ ಬರೆಯಬೇಕು. ಒಂದೇ * ಹಾಕಿದ ಓರೆ ಅಕ್ಷರದ ಆಸೆ ಬೇಡ, ಕನ್ನಡ ಫಾಂಟುಗಳಲ್ಲಿ ಸಾಮಾನ್ಯವಾಗಿ ಓರೆ ರೂಪವೇ ಇರುವುದಿಲ್ಲ.

ಬೆಳಗಾವಿಯ ಕೆಲಸಗಳಲ್ಲಿ ಕನ್ನಡದ ಜೊತೆ ಮರಾಠಿ ಸಾಲುಗಳೂ ಬರುತ್ತವೆ. ಜೀಲೇಟೆಕ್‌ಗೆ ಕನ್ನಡ ಫಾಂಟ್ ಒಂದನ್ನೇ ಕೊಟ್ಟಿದ್ದರೆ ದೇವನಾಗರಿ ಅಕ್ಷರಗಳು ಮೂಡುವುದಿಲ್ಲ, ಕೆಲಸ ಮಾತ್ರ ನಿಲ್ಲದೆ ಮುಗಿಯುತ್ತದೆ. ಎಚ್ಚರಿಕೆಯ ಸಾಲು ಓದದೆ ಪ್ರೆಸ್ಸಿಗೆ ಕಳಿಸಿದರೆ ಅನಾಹುತ. ಇಂಥ ಪುಸ್ತಕಕ್ಕೆ ಟಿಪ್ಸ್ಟ್ ಎಂಜಿನ್ ಮೇಲು. ಫಾಂಟಿನಲ್ಲಿ ಇಲ್ಲದ ಅಕ್ಷರವನ್ನು ಅದು ಕಂಪ್ಯೂಟರಿನ ಬೇರೆ ಫಾಂಟಿನಿಂದ ತಾನೇ ತರುತ್ತದೆ. ಜೀಲೇಟೆಕ್ ಇರುವ ಟೆಕ್‌ಲೈವ್ ಎಂಬ ಕಟ್ಟು ಪೂರ್ತಿಯಾಗಿ ಹಲವು ಜಿಬಿ ಜಾಗ ತಿಂದರೆ ಟಿಪ್ಸ್ಟ್‌ಗೆ ಕೆಲವು ಹತ್ತು ಎಂಬಿ ಸಾಕು. ಪ್ಯಾಂಡಾಕ್ ಮಾತ್ರ 3.1.2 ಅಥವಾ ಅದರ ಮುಂದಿನ ಆವೃತ್ತಿ ಇರಬೇಕು.

ಲಗ್ನಪತ್ರಿಕೆ, ಫ್ಲೆಕ್ಸ್, ಚಿತ್ರಗಳ ಸುತ್ತ ಅಕ್ಷರ ಹರಿಯಬೇಕಾದ ಪುಟಗಳಿಗೆ ಪ್ಯಾಂಡಾಕ್ ತರಬೇಡಿ. ಅವಕ್ಕೆ ಡಿಟಿಪಿಯವರ ಕೈಯೇ ಸರಿ.

ಹಳೆಯ ಪುಸ್ತಕಗಳನ್ನು ತರುವುದಾದರೆ ಇನ್ನೊಂದು ಹಂತವಿದೆ. ಹಳೆಯ ನುಡಿ, ಶ್ರೀಲಿಪಿ ಫೈಲುಗಳಲ್ಲಿರುವುದು ಯೂನಿಕೋಡ್ ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಹೊದಿಸಿದ ಕನ್ನಡದ ಆಕಾರ. ಪ್ಯಾಂಡಾಕ್ ಅದನ್ನು ತಿದ್ದಲಾರದು, ಮೊದಲು ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತನ್ನು ಒಂದೊಂದಾಗಿ ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ ಮೊದಲು ಬರಬೇಕು, ಹಾಗಾಗಿ "ಕಾರ್ಯ", "ಧರ್ಮ"ದಂಥ ಪದಗಳೇ ಕೆಡುವುದು ಹೆಚ್ಚು. ಸೊನ್ನೆಯದು ಇನ್ನೂ ಸೂಕ್ಷ್ಮ: "ಸಂಗಮ"ದ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ೦ ಕುಳಿತಿದ್ದರೆ ಕಣ್ಣಿಗೆ ತಿಳಿಯುವುದೇ ಇಲ್ಲ, ಆದರೆ ಇಪಬ್‌ನಲ್ಲಿ ಆ ಪದ ಹುಡುಕಿದರೆ ಸಿಗುವುದಿಲ್ಲ. ಮೂಲ ಫೈಲಿನಲ್ಲಿ ೦ ಎಲ್ಲೆಲ್ಲಿದೆ ಎಂದು ಹುಡುಕಿ, ಅಂಕಿಗಳ ಜೊತೆ ಇರುವವನ್ನು ಬಿಟ್ಟು ಉಳಿದವನ್ನೆಲ್ಲ ಬದಲಿಸಿದ ಮೇಲೆಯೇ ಮೊದಲ ಪಿಡಿಎಫ್ ತೆಗೆಯಿರಿ.