ಮಮ್ದಾನಿಯೋ, ಮೈರಿಯೋ: ಆಲ್ಬನಿಯಲ್ಲಿ ಯಾರ ಕೆಲಸ ಏನು?

2025ರ ಜೂನ್ 24ರಂದು ನ್ಯೂಯಾರ್ಕ್ ಮೇಯರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ನಡೆಯಿತು. ಅದಕ್ಕೆ ನಿಂತವರಲ್ಲಿ ಇಬ್ಬರು, ಆಗ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಶಾಸಕರಾಗಿದ್ದವರನ್ನು ಹೋಲಿಸೋಣ. ಭಾಷಣ ಬದಿಗಿಟ್ಟು, ಮಾಡಿದ ಕೆಲಸ ನೋಡೋಣ.

ಕಾನೂನಿನ ಲೆಕ್ಕದಲ್ಲಿ ಸೆನೆಟರ್ ಝೆಲ್ನರ್ ಮೈರಿ ಮುಂದೆ. 2023ರಲ್ಲಿ ಸಹಿಯಾದ ಕ್ಲೀನ್ ಸ್ಲೇಟ್ ಕಾಯ್ದೆ ಅವರದ್ದು. ಶಿಕ್ಷೆ ಮುಗಿಸಿ, ಮತ್ತೆ ತಪ್ಪು ಮಾಡದೆ ಇದ್ದರೆ ಸಣ್ಣ ಅಪರಾಧದ ದಾಖಲೆ 3 ವರ್ಷಕ್ಕೆ, ದೊಡ್ಡದು 8 ವರ್ಷಕ್ಕೆ ಮುಚ್ಚಿಹೋಗುತ್ತದೆ. ಲೈಂಗಿಕ ಅಪರಾಧಗಳಿಗೆ ಈ ರಿಯಾಯಿತಿ ಇಲ್ಲ. ಕೆಲಸಕ್ಕೆ, ಬಾಡಿಗೆ ಮನೆಗೆ ಅಲೆಯುವವರಿಗೆ ಇದೇನು ಸಣ್ಣ ವಿಷಯ ಅಲ್ಲ. 2022ರ ಮತದಾನ ಹಕ್ಕು ಕಾಯ್ದೆಯಲ್ಲೂ ಅವರ ಪಾಲಿದೆ.

ಆಗ ಅಸೆಂಬ್ಲಿ ಸದಸ್ಯರಾಗಿದ್ದ ಝೊಹ್ರಾನ್ ಮಮ್ದಾನಿ ಹೆಸರಲ್ಲಿ ಅಂಥ ದೊಡ್ಡ ಕಾನೂನು ಕಡಿಮೆ. ಆದರೆ 2021ರಲ್ಲಿ ಸಾಲದಲ್ಲಿ ಮುಳುಗಿದ್ದ ಟ್ಯಾಕ್ಸಿ ಚಾಲಕರ ಜೊತೆ ಉಪವಾಸ ಕೂತರು. ಸಾಲಕ್ಕೆ ಪರಿಹಾರ ಸಿಕ್ಕಿತು. 2023ರ ಸೆಪ್ಟೆಂಬರ್‌ನಿಂದ ನಗರದ ಐದು ಬರೋಗಳಲ್ಲಿ (ಆಡಳಿತ ವಿಭಾಗಗಳಲ್ಲಿ) ತಲಾ ಒಂದು ಬಸ್ ಮಾರ್ಗ ಉಚಿತವಾಯಿತಲ್ಲ, ಅದರ ಹಿಂದೆಯೂ ಅವರಿದ್ದರು. ಪ್ರಯಾಣಿಕರು ಜಾಸ್ತಿಯಾದರು. ಆದರೂ ಮರುವರ್ಷ ಯೋಜನೆ ಮುಂದುವರಿಯಲಿಲ್ಲ.

ಇಲ್ಲೇ ಹುಷಾರಾಗಿರಬೇಕು. ಬಸ್ ಉಚಿತ ಮಾಡುತ್ತೇನೆ ಎಂಬುದು ಮಮ್ದಾನಿಯ ಭರವಸೆ, ಆದರೆ ಬಸ್ ದರ ಮೇಯರ್ ಕೈಯಲ್ಲಿಲ್ಲ, ಸಾರಿಗೆ ನಡೆಸುವ ರಾಜ್ಯದ ಸಂಸ್ಥೆ ಎಂಟಿಎ ಕೈಯಲ್ಲಿದೆ. ನಿಯಂತ್ರಿತ ಮನೆಗಳ ಬಾಡಿಗೆ ಏರದಂತೆ ತಡೆಯುವ ಮಮ್ದಾನಿಯ ಭರವಸೆಗೆ ಮಾತ್ರ ದಾರಿ ಹತ್ತಿರ: ಆ ಬಾಡಿಗೆ ಎಷ್ಟು ಏರಬಹುದು ಎಂದು ತೀರ್ಮಾನಿಸುವ ಮಂಡಳಿಯ ಒಂಬತ್ತೂ ಸದಸ್ಯರನ್ನು ನೇಮಿಸುವುದು ಮೇಯರೇ. ಮೈರಿ ಭರವಸೆ ಕೊಟ್ಟಿದ್ದ ಹತ್ತು ಲಕ್ಷ ಮನೆಗಳಿಗೂ ನಗರದ ಝೋನಿಂಗ್ ಅಧಿಕಾರವೇ (ಎಲ್ಲಿ ಏನು ಕಟ್ಟಬಹುದು ಎಂದು ನಿರ್ಧರಿಸುವ ಅಧಿಕಾರ) ಮುಖ್ಯ.

ಕಾನೂನು ಪಾಸು ಮಾಡಿಸೋ ತಾಳ್ಮೆ ಬೇಕಿದ್ದರೆ ನನ್ನ ಒಲವು ಮೈರಿ ಕಡೆಗೆ. ಜನರನ್ನು ಸೇರಿಸೋ ಶಕ್ತಿ ಮುಖ್ಯ ಅನ್ನಿಸಿದರೆ ಮಮ್ದಾನಿ. ಆ ಪ್ರೈಮರಿಯಲ್ಲಿ ಮತದಾರರು ಐವರವರೆಗೆ ಇಷ್ಟದ ಕ್ರಮದಲ್ಲಿ ಆರಿಸಬಹುದಿತ್ತು, ಹಾಗಾಗಿ ಇಬ್ಬರಿಗೂ ಜಾಗ ಇತ್ತು.