ಮರಾಂಟ್ಜ್ 2230ರ ಡಯಲ್‌ಗೆ ಎಲ್‌ಇಡಿ ದೀಪಗಳು: ಕಲಬುರಗಿಯ ಬೇಸಿಗೆಯಲ್ಲಿ ಬಳಸಿ ನೋಡಿದ ಮೇಲೆ

ಎಂಟು ವೋಲ್ಟಿನ, ಫ್ಯೂಸ್ ಆಕಾರದ ಎಲ್‌ಇಡಿ ದೀಪಗಳ ಒಂದು ಸೆಟ್ಟನ್ನು ಆನ್‌ಲೈನ್‌ನಲ್ಲಿ ತರಿಸಿ, ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ನಮ್ಮ ಮನೆಯ ಮರಾಂಟ್ಜ್ 2230 ಸ್ಟೀರಿಯೊ ರಿಸೀವರ್‌ಗೆ ಹಾಕಿಸಿ, ಈ ಬೇಸಿಗೆ ಪೂರ್ತಿ ಬಳಸಿದ್ದೇನೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದ ಇಂಥ ಜಪಾನಿ ಸೆಟ್ಟುಗಳನ್ನು ಕಲಬುರಗಿಯ ಹಲವು ಮನೆಗಳಲ್ಲಿ ನಾನು ಕಂಡಿದ್ದೇನೆ. ಹಾಡು ಇಂದಿಗೂ ಚೆನ್ನಾಗಿಯೇ ಬರುತ್ತದೆ, ಆದರೆ ಡಯಲ್ ಕತ್ತಲಾಗಿರುತ್ತದೆ. ಅಂಥ ಸೆಟ್ಟು ಇಟ್ಟುಕೊಂಡವರಿಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದೀಪಗಳನ್ನು ಧಾರಾಳವಾಗಿ ಬದಲಾಯಿಸಿ, ಆದರೆ ಬೆಚ್ಚನೆಯ ಬಿಳುಪಿನ ಎಲ್‌ಇಡಿಗಳನ್ನೇ ಕೊಳ್ಳಿ, ಮತ್ತು ಗಾಜಿನ ಹಿಂದಿರುವ ಬಣ್ಣದ ಕಾಗದವನ್ನು ಕಿತ್ತು ಹಾಗೇ ಬಿಡಬೇಡಿ; ಅದು ಕಂದಿದ್ದರೆ ಅದೇ ಬಣ್ಣದ ಹೊಸದನ್ನು ಹಾಕಿಸಿ.

ಸಾಲ್ ಮರಾಂಟ್ಜ್ ಕಟ್ಟಿದ ಅಮೆರಿಕದ ಕಂಪನಿಯನ್ನು 1964ರಲ್ಲಿ ಸೂಪರ್‌ಸ್ಕೋಪ್ ಕೊಂಡುಕೊಂಡಿತು; ಆಮೇಲಿನ ಕಾಲದಲ್ಲಿ, ಎಪ್ಪತ್ತರ ದಶಕದ ಆರಂಭದಲ್ಲಿ, ಜಪಾನಿನಲ್ಲಿ ತಯಾರಾಗಿ ಬಂದ ಮಾದರಿಗಳಲ್ಲಿ ಇದೂ ಒಂದು. ಚಾನೆಲ್‌ಗೆ 30 ವ್ಯಾಟ್ ಶಕ್ತಿಯ ಈ ಸೆಟ್ಟಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಪ್ಪು ಗಾಜಿನೊಳಗಿಂದ ಮೂಡಿಬರುವ ನೀಲಿ ಅಂಕಿಗಳು. ಆ ನೀಲಿ ಬಲ್ಬಿನದ್ದಲ್ಲ. ಬಲ್ಬು ಕೊಡುವುದು ಹಳದಿ ಬೆಳಕನ್ನು. ಗಾಜಿಗೂ ಬಲ್ಬಿಗೂ ನಡುವೆ ಇರುವ ತೆಳುವಾದ, ಬೆಳಕು ಹಾಯುವ ನೀಲಿ ಬಣ್ಣದ ವೆಲಮ್ ಕಾಗದ ಅದನ್ನು ಸೋಸಿ ನೀಲಿ ಮಾಡುತ್ತದೆ. ನೀಲಿ ಎಲ್‌ಇಡಿ ಹಾಕುವ ದಾರಿ ತಯಾರಿಸಿದವರಿಗೆ ಅಂದು ಇರಲಿಲ್ಲ. ಅಮೆರಿಕದ ಎಂಜಿನಿಯರ್ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿ ತೋರಿಸಿದ ಎಲ್‌ಇಡಿ ಕೆಂಪು ಬಣ್ಣದ್ದು. ಪ್ರಖರವಾದ ನೀಲಿ ಎಲ್‌ಇಡಿ ಜಪಾನಿನ ವಿಜ್ಞಾನಿ ಶೂಜಿ ನಾಕಾಮುರಾ ಅವರ ಕೈಯಲ್ಲಿ ಸಿದ್ಧಿಸಿದ್ದು 1993ರಲ್ಲಿ, ಮತ್ತು ಇಂದಿನ ಬಿಳಿ ಎಲ್‌ಇಡಿ ಹುಟ್ಟಿದ್ದೇ ಆ ನೀಲಿಯಿಂದ.

ಬದಲಾಯಿಸಲು ಮುಖ್ಯ ಕಾರಣ ಶಾಖ. ಎಂಟು ವೋಲ್ಟು, ಕಾಲು ಆಂಪಿಯರಿನ ಹಳೆಯ ಬಲ್ಬು ಒಂದಕ್ಕೆ ಎರಡು ವ್ಯಾಟ್ ತಿನ್ನುತ್ತದೆ, ಅದರಲ್ಲಿ ಬಹುಪಾಲು ಬಿಸಿಯಾಗಿಯೇ ಹೊರಬರುತ್ತದೆ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಇಂಥವು ಸಾಲಾಗಿ ಕೂತು ವರ್ಷಗಟ್ಟಲೆ ಉರಿದರೆ ಕಾಗದ ಕಂದಿ ಕಂದು ಬಣ್ಣಕ್ಕೆ ತಿರುಗುತ್ತದೆ, ಹತ್ತಿರದ ಪ್ಲಾಸ್ಟಿಕ್ ಬಿರುಸಾಗುತ್ತದೆ. ಮೇ ತಿಂಗಳಿನಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಫ್ಯಾನು ತಿರುಗುತ್ತಿದ್ದರೂ ಕೋಣೆಯ ಗಾಳಿಯೇ ಬಿಸಿಯಾಗಿರುವಾಗ, ಈ ಹೆಚ್ಚುವರಿ ಶಾಖ ಹೋಗಲು ಜಾಗವಿರುವುದಿಲ್ಲ. ನಮ್ಮ ಸೆಟ್ಟಿನಲ್ಲಿ ಪ್ರತಿ ಬಲ್ಬಿನ ಎದುರಿಗೂ ಕಾಗದದ ಮೇಲೆ ಬಲ್ಬಿನದೇ ಉದ್ದಳತೆಯ ಕಂದು ಕಲೆ ಬಿದ್ದಿತ್ತು. ಬೆರಳು ತಾಗಿಸಿದರೆ ಅಂಚು ಪುಡಿಯಾಗುತ್ತಿತ್ತು. ಹೊಸ ಎಲ್‌ಇಡಿ ಅರ್ಧ ವ್ಯಾಟಿಗಿಂತ ಕಡಿಮೆ ಎಳೆಯುತ್ತದೆ. ಎರಡು ಗಂಟೆ ಹಾಡು ಕೇಳಿದ ಮೇಲೂ ಈಗ ಡಯಲ್‌ನ ಗಾಜು ಕೈಗೆ ತಣ್ಣಗೇ ಇರುತ್ತದೆ. ಆಂಪ್ಲಿಫೈಯರ್ ಭಾಗದ ಹೀಟ್ ಸಿಂಕ್, ಅಂದರೆ ಶಾಖ ಹೊರಹಾಕುವ ಲೋಹದ ಭಾಗ, ಮಾತ್ರ ಮೊದಲಿನಂತೆಯೇ ಕಾಯುತ್ತದೆ, ಅದಕ್ಕೂ ಈ ದೀಪಗಳಿಗೂ ಸಂಬಂಧವಿಲ್ಲ.

ಬಣ್ಣದ ವಿಷಯವೇ ಇಲ್ಲಿ ಬಹಳ ಸೂಕ್ಷ್ಮವಾದದ್ದು, ಮತ್ತು ಹೆಚ್ಚಿನವರು ಕೈ ಸುಟ್ಟುಕೊಳ್ಳುವುದೂ ಇದರಲ್ಲೇ. ಮಾರಾಟಗಾರರು ತಂಪು ಬಿಳಿ, ಬೆಚ್ಚನೆ ಬಿಳಿ ಮತ್ತು ನೀಲಿ ಎಂದು ಮೂರು ಬಗೆಯನ್ನು ಕೊಡುತ್ತಾರೆ. ನೀಲಿ ಡಯಲ್‌ಗೆ ನೀಲಿ ಎಲ್‌ಇಡಿಯೇ ಸರಿ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ನೀಲಿ ಬೆಳಕು ನೀಲಿ ಕಾಗದವನ್ನು ಹಾಯ್ದು ಬಂದಾಗ ಅಂಕಿಗಳು ಮೊಬೈಲ್ ಅಂಗಡಿಯ ಬೋರ್ಡಿನ ಹಾಗೆ ಕಣ್ಣಿಗೆ ಚುಚ್ಚುತ್ತವೆ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಅಂಕಿ ಹೆಚ್ಚಿದಷ್ಟೂ ನೀಲಿ ಹೆಚ್ಚು) ಸುತ್ತಲಿನ ತಂಪು ಬಿಳಿಯ ಕಥೆಯೂ ಹೆಚ್ಚುಕಡಿಮೆ ಅಷ್ಟೆ. ತಂತಿಯ ಬಲ್ಬಿನ ಬೆಳಕಿನಲ್ಲಿ ನೀಲಿಯ ಪಾಲು ತೀರ ಕಡಿಮೆ ಎಂಬ ಲೆಕ್ಕದ ಮೇಲೆಯೇ ಆ ಕಾಗದದ ಬಣ್ಣವನ್ನು ಅಂದು ನಿರ್ಧರಿಸಿದ್ದರು, ಹಾಗಾಗಿ ನೀಲಿ ಹೆಚ್ಚಿರುವ ಬೆಳಕನ್ನು ಕೊಟ್ಟ ಕೂಡಲೇ ಲೆಕ್ಕ ತಪ್ಪುತ್ತದೆ. ನಾನು ತರಿಸಿದ್ದು ಸುಮಾರು 3000 ಕೆಲ್ವಿನ್‌ನ ಬೆಚ್ಚನೆಯ ಬಿಳಿ. ಇದರಲ್ಲಿಯೂ ಅಂಕಿಗಳು ಹಳೆಯ ಬಲ್ಬಿನ ಕಾಲಕ್ಕಿಂತ ಒಂದು ಎಳೆಯಷ್ಟು ಹೆಚ್ಚು ನೀಲಿಯಾಗಿ ಕಾಣುತ್ತವೆ, ಏಕೆಂದರೆ ಬೆಚ್ಚನೆಯ ಬಿಳಿ ಎಲ್‌ಇಡಿಯ ಒಳಗೂ ಮೂಲದಲ್ಲಿ ಉರಿಯುವುದು ನೀಲಿ ಚಿಪ್ಪೇ. ಕಂದಿದ ಕಾಗದವನ್ನು ತೆಗೆದು ಅದೇ ಬಣ್ಣದ ಹೊಸ ವೆಲಮ್ ಹಾಕಿದ ಮೇಲೆ, ರಾತ್ರಿ ಕೋಣೆಯ ದೀಪ ಆರಿಸಿ ನೋಡಿದಾಗ, ಕಡಲ ನೀರಿನಂಥ ಆ ಹಳೆಯ ಹಸಿರು ಬೆರೆತ ನೀಲಿ ಬಹುಮಟ್ಟಿಗೆ ಮರಳಿ ಬಂದಿದೆ. ನನಗೆ ಬೇಕಾಗಿದ್ದುದು ಇದೇ.

ಎಲ್‌ಇಡಿ ಸೆಟ್ಟಿನ ಗುಣಮಟ್ಟ ಚೆನ್ನಾಗಿದೆ. ಚಿಪ್ಪುಗಳು ಒಂದೇ ಬದಿಗೆ ಇರದೆ ಸುತ್ತಲೂ ಇರುವುದರಿಂದ ಡಯಲ್ ಮೇಲೆ ಎಲ್ಲಿಯೂ ಬೆಳಕಿನ ಗುಡ್ಡೆ ಕಾಣುವುದಿಲ್ಲ. ರಿಸೀವರ್ ಈ ದೀಪಗಳಿಗೆ ಕೊಡುವುದು ಎಸಿ ವಿದ್ಯುತ್ತು ಎಂಬುದನ್ನು ಮರೆಯಬಾರದು. ಕಾದ ತಂತಿ ಅಷ್ಟು ಬೇಗ ತಣಿಯದ ಕಾರಣ ಹಳೆಯ ಬಲ್ಬಿನಲ್ಲಿ ಮಿಣುಕು ಕಾಣುತ್ತಿರಲಿಲ್ಲ, ಆದರೆ ಎಸಿಯನ್ನು ಒಂದೇ ದಿಕ್ಕಿನ ವಿದ್ಯುತ್ತಾಗಿಸುವ ರೆಕ್ಟಿಫೈಯರ್ ಇಲ್ಲದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 50 ಬಾರಿ ಆರಿ ಹತ್ತುತ್ತದೆ, ಕಣ್ಣಂಚಿನಲ್ಲಿ ಅದು ಕಾಡುತ್ತದೆ. ಈ ದೀಪಗಳ ಒಳಗೆ ಬ್ರಿಡ್ಜ್ ರೆಕ್ಟಿಫೈಯರ್ ಇದೆ; ಮಿಣುಕು 100ಕ್ಕೆ ಏರಿ ಕಣ್ಣಿಗೆ ತಿಳಿಯದಂತಾಗುತ್ತದೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಮಾತ್ರ ತೆಳುವಾದ ಪಟ್ಟೆಗಳು ಹರಿಯುವುದು ಕಾಣುತ್ತದೆ.

ಜೋಡಣೆಯನ್ನು ಸೂಪರ್ ಮಾರ್ಕೆಟ್ ಪ್ರದೇಶದ ಒಬ್ಬ ಹಿರಿಯ ರೇಡಿಯೊ ಮೆಕ್ಯಾನಿಕ್ ಅವರಿಂದ ಮಾಡಿಸಿದೆ. ಅವರ ಕೆಲಸದ ನಾಜೂಕು ಹೇಳಲೇಬೇಕಾದದ್ದು. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳ ಚಾರ್ಜ್ ಇಳಿದಿರುವುದನ್ನು ಮೀಟರ್ ಹಿಡಿದು ನೋಡಿದ ಮೇಲೆಯೇ ಒಳಗೆ ಕೈ ಹಾಕಿದರು. ಕಪ್ಪಿಟ್ಟಿದ್ದ ಹಿತ್ತಾಳೆ ಕ್ಲಿಪ್ಪುಗಳನ್ನು ಒಂದೊಂದಾಗಿ ಉಜ್ಜಿ ಹೊಳಪಿಗೆ ತಂದರು. ಗಾಜಿನ ಒಳಬದಿಯನ್ನು ಒರೆಸಲು ನಾನು ಸ್ಪಿರಿಟ್ ಬಾಟಲಿ ಮುಂದೆ ಚಾಚಿದಾಗ ಕೈ ಅಡ್ಡ ಹಿಡಿದರು. ಅಂಕಿಗಳು ಅಚ್ಚಾಗಿರುವುದು ಒಳಬದಿಯಲ್ಲೇ, ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತವೆ. ಒಣ ಬ್ರಷ್ಷಿನಿಂದ ಧೂಳು ಕೊಡವಿ ಅಷ್ಟಕ್ಕೇ ಬಿಟ್ಟರು.

ಎಲ್ಲ ಮುಗಿದ ಮೇಲೆ ಮಧ್ಯಮ ತರಂಗದಲ್ಲಿ 1107 ಕಿಲೋಹರ್ಟ್ಸ್‌ಗೆ, ಅಂದರೆ ಕಲಬುರಗಿ ಆಕಾಶವಾಣಿಗೆ, ಮುಳ್ಳು ತಿರುಗಿಸಿ ಪರೀಕ್ಷಿಸಿದೆವು. ಕೆಟ್ಟ ಎಲ್‌ಇಡಿ ಸರ್ಕಿಟ್ಟಿನ ಗದ್ದಲ ಮೊದಲು ಕೇಳಿಸುವುದು ಎಎಂನಲ್ಲಿ, ಅಂದರೆ ಈ ಮಧ್ಯಮ ತರಂಗದಲ್ಲಿಯೇ. ನಿಲಯದ ಧ್ವನಿ ಶುದ್ಧವಾಗಿತ್ತು. ನಿಲಯವಿಲ್ಲದ ಕಡೆ ಮುಳ್ಳು ಸರಿಸಿ, ಡಯಲ್ ದೀಪಗಳ ತಂತಿ ಬಿಡಿಸಿ ಮತ್ತೆ ಜೋಡಿಸಿದಾಗಲೂ ಗುಂಯ್‌ಗುಡುವ ಸದ್ದು ಹೆಚ್ಚಲಿಲ್ಲ. ಇವು ಕರೆಂಟನ್ನು ಅತಿವೇಗದಲ್ಲಿ ಕಡಿದು ಜೋಡಿಸುವ ಸ್ವಿಚಿಂಗ್ ಡ್ರೈವರ್ ಇಲ್ಲದೆ ಬರೀ ರೆಸಿಸ್ಟರ್ ಇಟ್ಟು ಮಾಡಿದ ದೀಪಗಳಾಗಿರುವುದರ ಲಾಭ ಇದು.

ನನಗೆ ಸಮಾಧಾನ ತರದದ್ದು ಎಲ್‌ಇಡಿ ಸೆಟ್ಟಿನ ಜೊತೆ ಬಂದ ಸ್ಟೀರಿಯೊ ಸೂಚಕದ, ಅಂದರೆ ಸ್ಟೀರಿಯೊ ಪ್ರಸಾರ ಸಿಕ್ಕಾಗ ಹತ್ತಬೇಕಾದ, ಪುಟ್ಟ ಎಲ್‌ಇಡಿ. ಇದು ಡಿಸಿಯಲ್ಲಿ ಉರಿಯುವಂಥದ್ದು, ಹೀಗಾಗಿ ಧನ ಋಣ ತಿಳಿದು ಬೆಸುಗೆ ಹಾಕಬೇಕು. ಆದರೆ ಅದರ ಎರಡು ತಂತಿಗಳೂ ಒಂದೇ ಬಣ್ಣದವು, ಗುರುತೂ ಇಲ್ಲ, ಸೂಚನಾ ಪತ್ರವೂ ಇಲ್ಲ. ಸ್ಟೀರಿಯೊ ಪ್ರಸಾರ ಇಲ್ಲದಿದ್ದಾಗಲೂ ಅದು ಮಂಕಾಗಿ ಹೊಳೆಯುತ್ತಿತ್ತು, ಟ್ರಾನ್ಸಿಸ್ಟರಿನಿಂದ ಸೋರುವ ಅತ್ಯಲ್ಪ ಕರೆಂಟು ಬಲ್ಬಿಗೆ ಸಾಲದಿದ್ದರೂ ಎಲ್‌ಇಡಿಗೆ ಸಾಕಾಗುತ್ತದೆ. ಮೆಕ್ಯಾನಿಕ್ ಅದಕ್ಕೆ ಸಮಾಂತರವಾಗಿ ಒಂದು ರೆಸಿಸ್ಟರ್ ಹಾಕಿದ ಮೇಲೆ ಸರಿಹೋಯಿತು. ಮೂಲ ಸೂಚಕ ಬಲ್ಬು ಇನ್ನೂ ಉರಿಯುತ್ತಿದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ಪಯೋನಿಯರ್, ಸಾನ್ಸುಯಿಯಂಥ ಬೇರೆ ಕಂಪನಿಗಳ ರಿಸೀವರ್ ಇರುವವರು ಕೊಳ್ಳುವ ಮೊದಲು ಹಳೆಯ ಬಲ್ಬನ್ನು ಹೊರತೆಗೆದು ಉದ್ದವನ್ನು ಸ್ಕೇಲಿನಲ್ಲಿ ಅಳೆಯಲಿ, ಕ್ಲಿಪ್ಪುಗಳ ನಡುವಿನ ವೋಲ್ಟೇಜನ್ನು ತಿಳಿದವರ ಕೈಯಲ್ಲಿ ಮೀಟರ್ ಹಿಡಿಸಿ ನೋಡಿಸಲಿ. ಆಕಾರ ಒಂದೇ ಇದ್ದರೂ ಕಾರಿನ ಹನ್ನೆರಡು ವೋಲ್ಟಿನ ದೀಪಗಳು ಇಲ್ಲಿ ಮಂಕಾಗಿ ಉರಿಯುತ್ತವೆ ಅಥವಾ ಉರಿಯುವುದೇ ಇಲ್ಲ. ಅಂಗಡಿಯವರು ಅವನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ.